ಗಾಣದ ಮನೆಯ ಒಣ ರೊಟ್ಟಿ

ಮೊನ್ನೆ ಪಕ್ಕದ ಮನೆಯ ಹುಡುಗಿ ನಮ್ಮ ಕಟ್ಟೆಯ ಮೇಲೆ ಕುಳಿತು ಓದುತ್ತಿದ್ದಳು. ಡಾಕ್ಟರಿಕೆ ಕಲಿಯುವವಳು. ಪುಸ್ತಕದಿಂದ ತಲೆ ಎತ್ತಿ ನನ್ನ ಕಡೆ ನೋಡಿ ಹೇಳಿದಳು:

"ಅಜ್ಜಿ, ಮನುಷ್ಯಾನ ಮಿದುಳಿನಾಗ ನೀರು ಬಿಟ್ರ ಹೆಚ್ಚಿಗಿ ಇರೋದು ಕೊಬ್ಬಂತ ನೋಡ್ರಿ. ಹುಟ್ಟಿದ ಕೂಸಿಗೆ ಮೊದಲ ವರ್ಷದಾಗ ಅದು ಸರಿಯಾಗಿ ಸಿಗಬೇಕಂತ. ಹಡದಾಕಿಗೂ ಸಿಗಬೇಕಂತ. ಆಕಿ ಮನಸ್ಸಿಗೂ ಅದು ಬೇಕಂತ."

"ಇದನ್ನ ತಿಳಕೊಳ್ಳಾಕ ಇಷ್ಟು ವರ್ಷ ಓದಿದಿ ಏನವಾ? ನಮ್ಮಜ್ಜಿಗೆ ಅಕ್ಷರ ಬರ್ತಿದ್ದಿಲ್ಲ, ಆಕಿಗೂ ಗೊತ್ತಿತ್ತು," ಎಂದೆ.

ಹುಡುಗಿ ಇದನ್ನು ಹೊಗಳಿಕೆ ಎಂದುಕೊಂಡಳು. "ಹಿಂದಿನೋರಿಗೆ ಎಲ್ಲಾ ಗೊತ್ತಿತ್ತು ಬಿಡ್ರಿ," ಎಂದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲೆ ಸಿಟ್ಟು ಮಾಡಿ ಏನು ಬಂತು, ಚಹಾ ಕೊಟ್ಟು ಕಳಿಸಿದೆ. ಗೊತ್ತಿತ್ತು, ನಿಜ. ಗೊತ್ತಿದ್ದೇ ಕೊಡಲಿಲ್ಲ. ಹಿಂದಿನವರ ಜ್ಞಾನವನ್ನು ಹಾಡಿ ಹೊಗಳುವವರು ಈ ಎರಡನೆಯ ಮಾತನ್ನೂ ಕೇಳಿಸಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಾನ್ವಿಯಲ್ಲಿ ಗಾಣದ ಮನೆ. ಅಂಗಳದ ನಡುವೆ ಮರದ ಗಾಣ, ಅದನ್ನು ಸುತ್ತುವ ಬಿಳಿ ಎತ್ತು, ಎತ್ತಿನ ಕಣ್ಣಿಗೆ ಬಟ್ಟೆ. ಬೆಳಗಿನಿಂದ ಸಂಜೆಯವರೆಗೆ ಕಿರ್ರೋ ಎನ್ನುವ ಆ ಸದ್ದು ನಿಂತರೆ ನಮಗೆ ಕಿವಿ ಕಿವುಡಾದಂತೆ ಅನ್ನಿಸುತ್ತಿತ್ತು. ಕುಸುಬಿ, ಎಳ್ಳು, ಶೇಂಗಾ, ಅಗಸಿ, ಗುರೆಳ್ಳು, ಔಡಲ ಯಾವುದು ಬಂದರೂ ಹಿಂಡಿ ಕೊಡುತ್ತಿದ್ದೆವು. ಪೋತ್ನಾಳದಿಂದ ಗಾಡಿ ಕಟ್ಟಿಕೊಂಡು ಕಾಳು ತರುವವರಿದ್ದರು. ಮನೆಯ ಗೋಡೆ, ಬಾಗಿಲು, ಕಟ್ಟೆ, ಅಪ್ಪನ ಧೋತರ, ಎಲ್ಲಕ್ಕೂ ಎಣ್ಣೆಯ ಜಿಡ್ಡು. ಓಣಿಯ ನಾಯಿ ಕೂಡ ನಮ್ಮ ಹೊಸ್ತಿಲನ್ನು ನೆಕ್ಕಿ ಹೋಗುತ್ತಿತ್ತು.

ಅಂಥ ಮನೆಯಲ್ಲಿ ಹೆಂಗಸರು ಒಣ ರೊಟ್ಟಿ ತಿನ್ನುತ್ತಿದ್ದರು.

ಅದು ಬಡತನವಲ್ಲ, ನೇಮ. ನೇಮ ಮಾಡಿದವಳು ಅಪ್ಪನ ತಾಯಿ, ನಮ್ಮಜ್ಜಿ. ಎಣ್ಣೆಯ ಕೊಡದ ಬಾಯಿಗೆ ಒಂದು ಹಿತ್ತಾಳೆ ಮಿಳ್ಳೆ ತೂಗುಹಾಕಿರುತ್ತಿದ್ದಳು. ಆ ಪುಟ್ಟ ಚಮಚವನ್ನು ಅವಳ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಗಾಣ ಹೊಡೆಯುವವರ ರೊಟ್ಟಿಗೆ ಒಂದು ಮಿಳ್ಳೆ ಎಣ್ಣೆ. ಓದುವವರಿಗೆ ತುಪ್ಪ. ಹೆಂಗಸರಿಗೆ? "ದಿನಾ ಎಣ್ಣಿ ಗಡಿಗಿ ಒರಸ್ತೀರಿ, ಕೈಗೆ ಹತ್ತಿದ್ದ ಸಾಕು," ಎನ್ನುತ್ತಿದ್ದಳು. ಹಾಗೆಯೇ ನಡೆಯುತ್ತಿತ್ತು. ಅವ್ವ ಗಡಿಗೆಗಳನ್ನು ಒರೆಸಿ, ಆ ಕೈಯನ್ನು ತೊಳೆಯದೆ, ರೊಟ್ಟಿಯ ಮೇಲೆ ಒತ್ತಿ ಒತ್ತಿ ಸವರಿಕೊಂಡು ತಿನ್ನುತ್ತಿದ್ದಳು. ನನಗೂ ಸವರಿ ಕೊಡುತ್ತಿದ್ದಳು. ಅಜ್ಜಿ ತಾನೂ ಹಾಗೆಯೇ ತಿಂದು ಮುದುಕಿಯಾದವಳು. ಅದಕ್ಕೆ ಅವಳನ್ನು ಕ್ಷಮಿಸಬೇಕೆಂದು ಕೆಲವರು ಹೇಳುತ್ತಾರೆ. ತಾನು ಉಪವಾಸ ಬಿದ್ದವಳಿಗೆ ಹಸಿವು ಏನೆಂದು ಇನ್ನೂ ಚೆನ್ನಾಗಿ ಗೊತ್ತಿರಬೇಕಲ್ಲ?

ಓದುವವರು ಎಂದರೆ ನಮ್ಮ ಮನೆಯಲ್ಲಿ ಒಬ್ಬನೇ, ಅಪ್ಪನ ತಮ್ಮ, ನನ್ನ ಕಾಕಾ. ರಾಯಚೂರಿನಲ್ಲಿ ಕೋಣೆ ಹಿಡಿದು ಉರ್ದು ಶಾಲೆಯಲ್ಲಿ ಓದುತ್ತಿದ್ದ. ನಿಜಾಮರ ಕಚೇರಿಯಲ್ಲಿ ನೌಕರಿ ಸಿಗಬೇಕಾದರೆ ಅದೇ ದಾರಿ. ಮನೆಯಲ್ಲಿ ಒಂದೇ ಆಕಳು. ಅದರ ಹಾಲು ಮೊಸರಾಗಿ, ಮೊಸರು ಬೆಣ್ಣೆಯಾಗಿ, ಬೆಣ್ಣೆ ತುಪ್ಪವಾಗಿ, ತುಪ್ಪ ಬಾಯಿ ಕಟ್ಟಿದ ಗಿಂಡಿಯಲ್ಲಿ ಬಸ್ ಹತ್ತಿ ರಾಯಚೂರಿಗೆ ಹೋಗುತ್ತಿತ್ತು. ಗಿಂಡಿಯ ಬಾಯಿಗೆ ಬಟ್ಟೆ ಕಟ್ಟುವಾಗಲೆಲ್ಲ ಅಜ್ಜಿಯ ಮಾತು ಒಂದೇ:

"ತುಪ್ಪ ತಿಂದ್ರ ಮಿದುಳು ಬೆಳೀತದ. ಓದೋ ಹುಡುಗನ ತಲಿ ಒಣಗಬಾರದು."

ಈ ಮಾತನ್ನು ನಾನು ನೂರು ಸಲವಾದರೂ ಕೇಳಿದ್ದೇನೆ. ಅದಕ್ಕೇ ಹೇಳಿದ್ದು, ಅವಳಿಗೆ ಗೊತ್ತಿತ್ತು ಎಂದು. ಕೊಬ್ಬಿಗೂ ಮಿದುಳಿಗೂ ಇರುವ ನಂಟು ನಮ್ಮಜ್ಜಿಗೆ ಗೊತ್ತಿತ್ತು. ಹೆಂಗಸಿಗೂ ಮಿದುಳು ಇರುತ್ತದೆ ಎಂಬುದು ಗೊತ್ತಿರಲಿಲ್ಲ, ಅಷ್ಟೇ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನನಗೆ ಎಂಟೊಂಬತ್ತು ವರ್ಷ. ಅವ್ವ ಮೂರನೆಯ ಸಲ ಹಡೆದಳು. ನನ್ನ ಬೆನ್ನಿಗೆ ಒಂದು ಗಂಡು ಹುಟ್ಟಿ ಹೋಗಿತ್ತು. ಆ ಸಲ ಬಾಣಂತನದಲ್ಲಿ ಅವ್ವನಿಗೆ ಅಂಟಿನ ಉಂಡೆ, ಕೊಬ್ಬರಿ, ತುಪ್ಪ ಎಲ್ಲ ಸಿಕ್ಕಿತ್ತಂತೆ. ಈ ಸಲ ಹೆಣ್ಣು. ತೊಟ್ಟಿಲಿಗೆ ಹಾಕುವ ದಿನದವರೆಗೆ ಊಟಕ್ಕೆ ಚೂರು ತುಪ್ಪ ಬಿತ್ತು. ಮರುದಿನದಿಂದ ಅದು ನಿಂತಿತು. ಪಕ್ಕದ ಮನೆಯ ಮುದುಕಿಯೊಬ್ಬಳು ತಡೆಯಲಾರದೆ ಕೇಳಿದಳು, "ಹಸಿ ಬಾಣಂತಿ, ಒಂದೀಟು ಎಣ್ಣಿಯರ ಹಾಕಬಾರದೇನು?"

"ಹ್ವಾದ ಸಲ ಹಾಕಿದ್ನಲ್ಲ, ಏನು ಉಳೀತು?" ಎಂದಳು ಅಜ್ಜಿ. "ಹೆಣ್ಣು ಹಡದಾಕಿಗೆ ಜಿಡ್ಡು ಹಾಕಿದ್ರ ಬಸುರು ತಂಪಾಗ್ತದ. ಮುಂದಿಂದೂ ಹೆಣ್ಣ ಆಗ್ತದ. ಒಣಗಲಿ. ಒಣಗಿದ್ರ ಗಂಡು ನಿಲ್ತದ."

ಇದು ಎಲ್ಲಿಂದ ಹುಟ್ಟಿದ ಶಾಸ್ತ್ರವೋ ನನಗೆ ತಿಳಿಯದು. ಬೇರೆ ಮನೆಗಳಲ್ಲಿ ನಾನು ಇದನ್ನು ಕೇಳಿಲ್ಲ. ಹಿಂಡುವ ಮೊದಲು ಕಾಳನ್ನು ಬಿಸಿಲಿಗೆ ಹಾಕಿ ಒಣಗಿಸುತ್ತಿದ್ದರು, ಒಣಗಿದ ಕಾಳು ಚೆನ್ನಾಗಿ ಎಣ್ಣೆ ಬಿಡುತ್ತದೆ. ಹೆಂಗಸನ್ನೂ ಅವರು ಹಾಗೆಯೇ ಲೆಕ್ಕ ಹಾಕಿದರೋ ಏನೋ. ಜೋಳದ ರೊಟ್ಟಿ, ಉಪ್ಪು, ಸುಟ್ಟ ಬೆಳ್ಳುಳ್ಳಿ. ಬಾಣಂತಿಯ ಪಥ್ಯ ಎಂದು ಅದಕ್ಕೊಂದು ಹೆಸರು ಬೇರೆ.

ತಿಂಗಳು ತುಂಬುವುದರೊಳಗೆ ಅವ್ವನ ನಿದ್ದೆ ಹೋಯಿತು. ಹಗಲು ರಾತ್ರಿ ಕಣ್ಣು ತೆರೆದೇ ಇರುತ್ತಿದ್ದಳು. ಆಮೇಲೆ ಮಾತು ಹೋಯಿತು. ಕೂಸನ್ನು ಎದೆಗೆ ಹಚ್ಚಿಕೊಂಡು ಗೋಡೆ ನೋಡುತ್ತಾ ಕೂತರೆ, ಕೂಸು ಕುಡಿಯಿತೋ ಬಿಟ್ಟಿತೋ ಅವಳಿಗೆ ಅರಿವಿರಲಿಲ್ಲ. ನಾನು "ಯವ್ವಾ" ಎಂದರೆ ನನ್ನ ಕಡೆ ತಿರುಗುತ್ತಿದ್ದಳು, ಆದರೆ ನೋಡುತ್ತಿರಲಿಲ್ಲ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು, ಬೇವಿನ ಸೊಪ್ಪಿನಿಂದ ಇಳಿ ತೆಗೆದರು. ಯಾವುದರಿಂದಲೂ ಗುಣ ಕಾಣಲಿಲ್ಲ.

ಕೊನೆಗೆ ಅಪ್ಪ ಅವಳನ್ನು ರಾಯಚೂರಿಗೆ ಕರೆದುಕೊಂಡು ಹೋದ. ಕೂಸನ್ನು ಎತ್ತಿಕೊಳ್ಳಲು ನಾನೂ ಹೋದೆ. ಇದ್ದಿಲು ಹಾಕಿ ಓಡಿಸುವ ಬಸ್ಸು, ಮೈಯೆಲ್ಲ ಮಸಿ. ಕೋಟೆಯ ಹಿಂದಿನ ಓಣಿಯಲ್ಲಿ ಒಬ್ಬ ಹಕೀಮರಿದ್ದರು. ಕಾಕಾ ಮೊದಲೇ ಅಲ್ಲಿ ಬಂದು ನಿಂತಿದ್ದ. ತುಪ್ಪ ತಿಂದು ಅವನ ಕೆನ್ನೆ ಮಿರಮಿರ ಮಿಂಚುತ್ತಿತ್ತು. ಹಕೀಮರು ಅವ್ವನ ನಾಡಿ ಹಿಡಿದು ನೋಡಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು. ಊಟಕ್ಕೆ ಏನು ಎಂದು ಕೇಳಿದರು. ಅಪ್ಪ ಪಥ್ಯದ ಊಟ ಎಂದ.

"ಪಥ್ಯ ಬಿಡ್ರಿ ಸಾಹೇಬ್ರ," ಎಂದರು ಹಕೀಮರು. ಅವರ ಕನ್ನಡದಲ್ಲಿ ದಖ್ಖನಿ ಬೆರೆತಿತ್ತು. "ಇಕಿ ದಿಮಾಗಿಗೆ ಖುಷ್ಕಿ ಹಿಡದದ. ಒಳಗ ಒಣಗ್ಯಾದ. ತರಾವಟ್ ಬೇಕು, ತೇವ ಬೇಕು. ಹಾಲು ಕೊಡ್ರಿ, ತುಪ್ಪ ಕೊಡ್ರಿ, ಬಾದಾಮಿ ಸಿಕ್ರ ಅರದು ಕೊಡ್ರಿ. ತಲಿಗೆ ಎಣ್ಣಿ ಹಚ್ರಿ. ನಿದ್ದಿ ತಾನ ಬರ್ತದ, ಬುದ್ಧಿ ತಾನ ತಿರಗ್ತದ. ಗಾಳಿ ಇಲ್ಲ, ದೆವ್ವ ಇಲ್ಲ."

ಇಷ್ಟನ್ನೂ ನಾನು ನನ್ನ ಕಿವಿಯಿಂದ ಕೇಳಿದ್ದೇನೆ. ಅಪ್ಪ ಕೇಳಿದ್ದಾನೆ. ಉರ್ದು ಓದಿದ ಕಾಕಾ ನಮ್ಮಿಬ್ಬರಿಗಿಂತ ಚೆನ್ನಾಗಿ ತಿಳಿದುಕೊಂಡಿದ್ದಾನೆ. ಅವತ್ತು ಅವನೂ ನಮ್ಮ ಜೊತೆ ಮಾನ್ವಿಗೆ ಬಂದ. ಅಪ್ಪ ಅಂಗಳದಲ್ಲಿ ನಿಂತು, ಹಕೀಮರು ಹೇಳಿದ್ದನ್ನು ಒಂದೂ ಬಿಡದೆ ಅಜ್ಜಿಗೆ ಒಪ್ಪಿಸಿದ.

ಅಜ್ಜಿ ಪೂರ್ತಿ ಕೇಳಿದಳು. ಅವಳೇನೂ ಹಕೀಮರನ್ನು ಬಯ್ಯಲಿಲ್ಲ. "ದೊಡ್ಡ ಮನಿಶ್ಯಾ ಹೇಳ್ಯಾನ, ಮಾಡಬೇಕು," ಎಂದಳು. ಆಮೇಲೆ ಕಾಕಾನ ಕಡೆ ತಿರುಗಿದಳು. "ಮನ್ಯಾಗಿರೋದು ಒಂದ ಆಕಳ. ನಿನಗ ಕಳಸೋ ತುಪ್ಪ ಆಕಿಗೆ ಹಾಕ್ಲೇನಪಾ? ನೀನ ಹೇಳು."

ಕಾಕಾ ನೆಲ ನೋಡಿದ. ಕಾಲ ಹೆಬ್ಬೆರಳಿನಿಂದ ಮಣ್ಣು ಕೆರೆದ. ಒಂದು ಮಾತು, "ಹಾಕು ಯವ್ವಾ" ಎಂಬ ಎರಡು ಪದದ ಒಂದು ಮಾತು, ಅವನ ಬಾಯಿಂದ ಬರಲಿಲ್ಲ. ಅವ್ವ ಅವನಿಗೆ ಹತ್ತು ವರ್ಷ ರೊಟ್ಟಿ ಬಡಿದು ಹಾಕಿದ ಅತ್ತಿಗೆ.

"ಆತು," ಎಂದಳು ಅಜ್ಜಿ. "ತಲಿಗೆ ಎಣ್ಣಿ ಅಂದಾನಲ್ಲ, ಅದು ನಮ್ಮ ಮನ್ಯಾಗ ಬೇಕಾದಷ್ಟದ. ಹಚ್ಚೂಣು. ಒಣಗಿರೋದು ತಲಿ, ಹೊಟ್ಟಿ ಅಲ್ಲ. ಬಾಣಂತಿ ಹೊಟ್ಟಿಗೆ ಜಿಡ್ಡು ಹಾಕಿ ನಂಜ ಮಾಡಿಕೊಳ್ಳೋದು ಬ್ಯಾಡ."

ಅಪ್ಪ "ಹೂಂ" ಎಂದ. ನಮ್ಮಪ್ಪ ಹುಟ್ಟಿದ್ದೇ ಆ ಒಂದು ಅಕ್ಷರ ಹೇಳುವುದಕ್ಕೆ. ಮರುದಿನ ಕಾಕಾ ರಾಯಚೂರಿಗೆ ಹೊರಟಾಗ ಅವನ ಕೈಯಲ್ಲಿ ತುಪ್ಪದ ಗಿಂಡಿ ಇತ್ತು.

ಅಂದಿನಿಂದ ಚಿಕಿತ್ಸೆ ಶುರುವಾಯಿತು. ಬೆಳಿಗ್ಗೆ ಅಜ್ಜಿಯೇ ಕುಳಿತು ಅವ್ವನ ನೆತ್ತಿಗೆ ಔಡಲೆಣ್ಣೆ ಸುರಿದು ಅಂಗೈಯಿಂದ ತಟ್ಟುತ್ತಿದ್ದಳು. ಜಿಪುಣತನವಿಲ್ಲ, ಮಿಳ್ಳೆಯ ಲೆಕ್ಕವಿಲ್ಲ. ಬಟ್ಟಲುಗಟ್ಟಲೆ ಎಣ್ಣೆ. ಅದು ಹಣೆಯ ಮೇಲಿಂದ, ಕಿವಿಯ ಹಿಂದಿನಿಂದ, ಕುತ್ತಿಗೆಯಿಂದ ಇಳಿದು ಸೆರಗು ನೆನೆಯುತ್ತಿತ್ತು. ಓಣಿಯವರು ನೋಡಿ, "ಸೊಸಿಗೆ ಎಷ್ಟು ಮಾಡ್ತಾಳ ನೋಡ್ರಿ," ಎಂದು ಅಜ್ಜಿಯನ್ನು ಕೊಂಡಾಡುತ್ತಿದ್ದರು. ಒಂದು ದಿನ ಆ ಎಣ್ಣೆ ಕೆನ್ನೆಯ ಮೇಲಿಂದ ತುಟಿಯವರೆಗೆ ಇಳಿದಾಗ ಅವ್ವ ನಾಲಿಗೆ ಚಾಚಿ ಅದನ್ನು ನೆಕ್ಕಿದಳು. ಔಡಲೆಣ್ಣೆ, ವಾಕರಿಕೆ ತರಿಸುವ ಎಣ್ಣೆ. ನಾನು ಎದುರಿಗೇ ಕೂತಿದ್ದೆ. ಅಜ್ಜಿಯೂ ನೋಡಿದಳು, ನೋಡಿ ತಟ್ಟುವುದನ್ನು ಮುಂದುವರಿಸಿದಳು.

ಎಣ್ಣೆ ಸ್ನಾನವಾದ ಮೇಲೆ ತಟ್ಟೆಯಲ್ಲಿ ಒಣ ರೊಟ್ಟಿ ಬರುತ್ತಿತ್ತು.

ಅವ್ವ ಇನ್ನೂ ಇಳಿದುಹೋದಳು. ಒಂದು ಮಧ್ಯಾಹ್ನ ಕೂಸು ಅತ್ತು ಅತ್ತು ನೀಲಿಗಟ್ಟಿದರೂ ಅವಳು ಮಗ್ಗುಲಲ್ಲೇ ಕೂತು ಕೇಳಿಸಿಕೊಳ್ಳಲಿಲ್ಲ. ಅಜ್ಜಿ ಕೂಸನ್ನು ಎತ್ತಿಕೊಂಡು ಬಂದು ನನ್ನ ಮಡಿಲಿಗೆ ಹಾಕಿದಳು. "ಹುಚ್ಚಿ ಹಾಲು ಕುಡದ್ರ ಕೂಸಿಗೂ ಹುಚ್ಚು ಏರ್ತದ. ಇನ್ನ ಮೊಲಿ ಬ್ಯಾಡ. ಗಂಜಿ ತಿಳಿ ಹಾಕು." ಆಕಳ ಹಾಲು ಹಾಕಲೇ ಎಂದು ನಾನು ಕೇಳಿದೆ. ಆಕಳ ಹಾಲು ಎಲ್ಲಿಗೆ ಹೋಗುತ್ತದೆ ಎಂದು ನನಗೇ ಗೊತ್ತಿರಬೇಕಿತ್ತು. ಬಟ್ಟೆಯ ಬತ್ತಿ ಮಾಡಿ, ಅಕ್ಕಿ ಗಂಜಿಯ ನೀರಲ್ಲಿ ಅದ್ದಿ, ಕೂಸಿನ ಬಾಯಿಗೆ ಇಡುತ್ತಿದ್ದೆ. ಕೂಸು ಬತ್ತಿಯನ್ನು ಜಗ್ಗಿ ಜಗ್ಗಿ ಎಳೆಯುತ್ತಿತ್ತು. ಮೊದಮೊದಲು ಅಳುತ್ತಿತ್ತು. ಬರಬರುತ್ತ ಅಳುವುದನ್ನು ಬಿಟ್ಟಿತು. ಮನೆಯವರೆಲ್ಲ, "ಶಾಣ್ಯಾ ಕೂಸು, ಕಿರಿಕಿರಿ ಇಲ್ಲ," ಎಂದರು.

ಅದೇ ವಾರ ಅಜ್ಜಿ ಅಪ್ಪನಿಗೆ ಕಡೆಯ ಮಾತು ಹೇಳಿದಳು. "ದಸರಾತನ ನೋಡ್ತೀನಿ. ಹಿಂಗ ಇದ್ರ ದೇವದುರ್ಗಕ್ಕ ಆಕಿ ತವರಿಗೆ ಬಿಟ್ಟು ಬಾ. ಕೂಸು ನಮ್ಮ ಮನೀದು, ಇಲ್ಲೇ ಇರ್ತದ. ನಿನಗ ಇನ್ನೊಂದು ಹೆಣ್ಣು ನೋಡೂಣು." ಅಪ್ಪ ಮತ್ತೆ ಆ ಒಂದು ಅಕ್ಷರ ಹೇಳಿದ. ದಸರೆಯೊಳಗೆ ಅವ್ವನಿಗೆ ಬುದ್ಧಿ ತಿರುಗಬೇಕು, ಇಲ್ಲದಿದ್ದರೆ ನಮಗೆ ಅವ್ವನಿಲ್ಲ. ಅವ್ವ ಗೋಡೆ ನೋಡುತ್ತಾ ಕೂತಿದ್ದಳು. ಆ ಮಾತು ಅವಳ ಕಿವಿಗೆ ಬಿದ್ದಿರಲಿಕ್ಕಿಲ್ಲ ಎಂದುಕೊಂಡೆ. ಬಿದ್ದಿತ್ತು ಎಂದು ಆಮೇಲೆ ತಿಳಿಯಿತು.

ಸೋಮವಾರ ಎತ್ತಿಗೆ ಬಿಡುವು. ಬಸವಣ್ಣನ ದಿನ, ಅಂದು ಗಾಣ ಹೂಡುತ್ತಿರಲಿಲ್ಲ. ಎತ್ತಿನ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಬಿದಿರಿನ ಗೊಟ್ಟದಲ್ಲಿ ಕುಸುಬಿ ಎಣ್ಣೆ ತುಂಬಿ ಅದರ ಗಂಟಲಿಗೆ ಹೊಯ್ಯುತ್ತಿದ್ದರು. ಎತ್ತು ಒಲ್ಲೆ ಎಂದು ತಲೆ ಒದರಿದರೂ ಬಿಡುತ್ತಿರಲಿಲ್ಲ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ನೆನೆಸಿ ಗೋದಲಿಗೆ ಹಾಕುತ್ತಿದ್ದರು. ಮರದ ಗಾಣದ ಹಿಂಡಿ ಈಗಿನ ಮಿಲ್ಲಿನ ಹಿಂಡಿಯ ಹಾಗೆ ಒಣ ಹೊಟ್ಟಲ್ಲ. ಅದರಲ್ಲಿ ಸಾಕಷ್ಟು ಎಣ್ಣೆ ಉಳಿದಿರುತ್ತದೆ. ಕೈಯಲ್ಲಿ ಹಿಚುಕಿದರೆ ಬೆರಳು ಜಿಡ್ಡಾಗುತ್ತದೆ.

ಅಂಥ ಒಂದು ಸೋಮವಾರ ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ಅವ್ವ ಎದ್ದು ಕೊಟ್ಟಿಗೆಗೆ ಹೋದಳು. ಅವಳಾಗಿ ಎದ್ದು ನಡೆದು ಎಷ್ಟೋ ದಿನವಾಗಿತ್ತು. ಬಾವಿಯ ಕಡೆ ಹೋದಾಳೆಂದು ಹೆದರಿ ನಾನು ಹಿಂದೆಯೇ ಓಡಿದೆ. ಅವಳು ಗೋದಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅಗಸಿ ಹಿಂಡಿಯ ಒಣ ಚಕ್ಕೆಯನ್ನು ಮುರಿದು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಎತ್ತು ಅವಳ ಭುಜವನ್ನು ಮೂಸುತ್ತಾ ತನ್ನ ಪಾಲು ತಾನು ತಿನ್ನುತ್ತಿತ್ತು. ನನ್ನನ್ನು ಕಂಡು ಅವ್ವ ಒಂದು ಚೂರು ಚಾಚಿದಳು.

"ತಿನ್ನು ಬೇ," ಎಂದಳು. ತಿಂಗಳುಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು. "ಇದ್ರಾಗ ಎಣ್ಣಿ ಅದ."

ಅವಳೂ ಗಾಣದ ಮನೆಯ ಮಗಳು. ದೇವದುರ್ಗದ ಅವಳ ತವರಿನಲ್ಲೂ ಗಾಣವಿತ್ತು. ಅಲ್ಲಿ ಬೆಲ್ಲದ ಜೊತೆ ಹಿಂಡಿ ತಿನ್ನದ ಮಗು ಇರಲಿಲ್ಲವಂತೆ. ಆಮೇಲಿಂದ ದಿನವೂ ಮಧ್ಯಾಹ್ನ ಅವಳು ಕೊಟ್ಟಿಗೆಗೆ ಹೋಗತೊಡಗಿದಳು. ನಾನು ಅಡುಗೆಮನೆಯಿಂದ ಬೆಲ್ಲದ ಹರಳು ಕದ್ದು ಕೊಡುತ್ತಿದ್ದೆ. ಕದ್ದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ, ಇನ್ನಷ್ಟು ಕದಿಯಬೇಕಿತ್ತು.

ಅಗಸಿ ಹಿಂಡಿಯೊಂದರಿಂದಲೇ ಅವ್ವ ಮೇಲೆದ್ದಳು ಎಂದು ಸಾಧಿಸುವಷ್ಟು ದಡ್ಡಿ ನಾನಲ್ಲ. ದಿನ ಕಳೆದಂತೆ ತಾನಾಗಿ ಇಳಿಯುವ ಬಾಣಂತಿ ಬೇನೆಯೂ ಇರುತ್ತದೆ ಎಂದು ಪಕ್ಕದ ಮನೆಯ ಹುಡುಗಿ ಹೇಳುತ್ತಾಳೆ. ಇರಲಿ. ನಾನು ಕಂಡದ್ದು ಇಷ್ಟು. ಅವ್ವನಿಗೆ ಮೊದಲು ನಿದ್ದೆ ಬಂತು. ಗೊರಕೆ ಹೊಡೆದು ನಿದ್ದೆ ಮಾಡಿದಳು, ನಾನು ಆ ಗೊರಕೆಯನ್ನು ಹಾಡು ಕೇಳಿದ ಹಾಗೆ ಕೇಳಿದೆ. ಆಮೇಲೆ ಒಂದು ದಿನ ನನ್ನನ್ನು ಹತ್ತಿರ ಎಳೆದುಕೊಂಡು, ಸಿಕ್ಕುಗಟ್ಟಿದ ನನ್ನ ಕೂದಲನ್ನು ಬಿಡಿಸಿ ಜಡೆ ಹಾಕಿದಳು. ಅಂಗಳ ಗುಡಿಸಿದಳು. ಕೂಸಿನ ತೊಟ್ಟಿಲ ಹತ್ತಿರ ನಿಂತು, ಕೈ ಮುಂದೆ ಮಾಡಿ, ಅಜ್ಜಿಯನ್ನು ನೋಡಿ ಕೈ ಹಿಂದೆಗೆದಳು. ನನ್ನ ಹತ್ತಿರ ಮಾತ್ರ ಮೆಲ್ಲಗೆ ಕೇಳಿದಳು, "ದಸರಾ ಯಾವಾಗ ಅದ ಬೇ?"

ಬಹಳ ದಿನವಿರಲಿಲ್ಲ. ಇಷ್ಟರಲ್ಲಿ ಅವಳು ಸರಿಹೋಗುತ್ತಾಳೆ, ಅಜ್ಜಿಯೂ ಒಪ್ಪಲೇಬೇಕಾಗುತ್ತದೆ ಎಂದು ನಾನು ಖುಷಿಯಲ್ಲಿದ್ದೆ. ಆಗ ಓಣಿಯ ಹೆಂಗಸೊಬ್ಬಳು ಮಧ್ಯಾಹ್ನದ ಹೊತ್ತು ಎಣ್ಣೆಗೆಂದು ಸೀಸೆ ಹಿಡಿದು ಬಂದಳು. ಯಾರೂ ಕಾಣಲಿಲ್ಲವೆಂದು ಹಿತ್ತಲಿಗೆ ಬಂದು ಕೊಟ್ಟಿಗೆಯಲ್ಲಿ ಇಣುಕಿದಳು. ಸೀಸೆ ಅಲ್ಲೇ ಬಿಟ್ಟು ಬೊಬ್ಬೆ ಹೊಡೆಯುತ್ತಾ ಓಡಿದಳು. "ಗಾಣದ ಮನಿ ಸೊಸಿ ದನದ ಗ್ವಾದಲ್ಯಾಗ ಬಾಯಿ ಹಾಕ್ಯಾಳ!" ಸಂಜೆಯೊಳಗೆ ಸುದ್ದಿ ಮಾನ್ವಿಯೆಲ್ಲ ಹರಡಿತು. ಮರುದಿನ ಕಾಳು ತಂದ ಪೋತ್ನಾಳದವರೂ ಅದನ್ನೇ ಕೇಳಿದರು.

ಓಣಿಯ ಹಿರಿಯರು ನಮ್ಮ ಕಟ್ಟೆಯ ಮೇಲೆ ಸೇರಿದರು. ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡು ಅತ್ತಳು, ಮನೆಯ ಮಾನ ಹೋಯಿತೆಂದು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಅವ್ವನನ್ನು ಕರೆದು ಹೊಸ್ತಿಲಲ್ಲಿ ನಿಲ್ಲಿಸಿದರು.

"ದನ ತಿನ್ನೋದನ್ನ ತಿಂದಿ ಏನವಾ?" ಎಂದು ಹಿರಿಯರೊಬ್ಬರು ಕೇಳಿದರು.

ಅವ್ವ ತಲೆ ತಗ್ಗಿಸಲಿಲ್ಲ. "ಹೌದ್ರಿ. ಹಸಿವಾಗಿತ್ತು. ಅದ್ರಾಗ ಎಣ್ಣಿ ಇರ್ತದ. ಎತ್ತು ದುಡೀತದಂತ ಎತ್ತಿಗೆ ಎಣ್ಣಿ ಕುಡಸ್ತೀರಿ. ನಾನೂ ದುಡದೀನಿ, ಹಡದೀನಿ. ನಾ ಹಿಂಡಿ ತಿಂದ್ರ ತಪ್ಪೇನ್ರಿ?"

ನನ್ನ ಬದುಕಿನಲ್ಲಿ ನಾನು ಕೇಳಿದ ಅತಿ ನೆಟ್ಟಗಿನ ಮಾತು ಅದು. ಆ ಹಿರಿಯರು ಮರುಕದಿಂದಲೇ ತಲೆ ಅಲ್ಲಾಡಿಸಿದರು.

"ನೋಡ್ರಿ," ಎಂದರು. "ಎತ್ತಿಗೂ ತನಗೂ ಫರಕ ತಿಳಿವಲ್ದು. ತಲಿ ಪೂರಾ ಹ್ವಾದಂಗ ಅದ."

ಹಾಗೆ ತೀರ್ಮಾನವಾಯಿತು. ಗೋಡೆ ನೋಡುತ್ತಾ ಕೂತಿದ್ದಾಗ ದಸರೆಯವರೆಗೆ ಗಡುವು ಸಿಕ್ಕಿದ್ದವಳಿಗೆ, ಬುದ್ಧಿ ತಿರುಗಿ ಬಾಯಿಬಿಟ್ಟು ಮಾತಾಡಿದ ಮೇಲೆ ಒಂದು ದಿನದ ಗಡುವೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಸಿರವಾರದ ದಾರಿ ಹಿಡಿದು ಗಾಡಿ ದೇವದುರ್ಗಕ್ಕೆ ಹೋಯಿತು. ಕೂಸನ್ನು ಕೊಡಿ ಎಂದು ಅವ್ವ ಗಾಡಿಯ ಗಾಲಿ ಹಿಡಿದು ಕೇಳಿದಳು. ಅಜ್ಜಿ ಕೂಸನ್ನು ಒಳಗಿಟ್ಟು ಅಗಳಿ ಹಾಕಿದ್ದಳು. ಅವ್ವ ಅರಚಿದಳು. "ಕೇಳ್ರಿ, ಹೆಂಗ ಒದರಾಕತ್ತಾಳ," ಎಂದರು ಜನ.

ದೇವದುರ್ಗದಲ್ಲಿ ಅವ್ವ ಚೆನ್ನಾದಳು. ಹೋದವರು ಬಂದವರು ಹೇಳುತ್ತಿದ್ದರು, ಅಣ್ಣನ ಗಾಣ ತಾನೇ ಹೊಡೆಯುತ್ತಾಳೆ, ಮೈ ತುಂಬಿಕೊಂಡಿದ್ದಾಳೆ, ಸಂತೆಯಲ್ಲಿ ಕೂತು ಎಣ್ಣೆ ಮಾರುತ್ತಾಳೆ ಎಂದು. ಅಜ್ಜಿ ಅದಕ್ಕೂ ಒಂದು ಉತ್ತರ ಇಟ್ಟುಕೊಂಡಿದ್ದಳು. "ಹುಚ್ಚರಿಗೇನು ಚಿಂತಿ? ಮೈ ಬರ್ತದ." ಇಲ್ಲಿ ಅಪ್ಪನಿಗೆ ಇನ್ನೊಂದು ಮದುವೆಯಾಯಿತು. ಬಂದವಳು ಒಳ್ಳೆಯವಳೇ, ಪಾಪ. ಅವಳಿಗೂ ಗಡಿಗೆ ಒರೆಸಿದ ಕೈಯೇ ಗತಿ. ಕಾಕಾ ಪಾಸಾಗಿ ಕಚೇರಿಯೊಂದರಲ್ಲಿ ಗುಮಾಸ್ತನಾದ. ತುಪ್ಪ ದಂಡವಾಗಲಿಲ್ಲ ಅನ್ನಿ.

ತಂಗಿ ನನ್ನ ಸೊಂಟದ ಮೇಲೆ ಬೆಳೆದಳು. ಬೆಳೆದಳು ಎನ್ನುವುದು ಬಾಯಿ ಮಾತು. ಬೇರೆ ಮಕ್ಕಳು ಓಡಾಡುವ ವಯಸ್ಸಿನಲ್ಲಿ ಅವಳು ಕೂರುತ್ತಿದ್ದಳು. ಅವು ಮಾತಾಡುವಾಗ ಇವಳು ಬಾಯಿ ತೆರೆದು ಅವುಗಳ ತುಟಿಗಳನ್ನೇ ನೋಡುತ್ತಿದ್ದಳು. ಹೆಸರು ಹಿಡಿದು ಕರೆದರೆ ತಡವಾಗಿ, ದೂರದಿಂದ ಕೇಳಿದವಳ ಹಾಗೆ ತಿರುಗುತ್ತಿದ್ದಳು. ಗಂಜಿ ನೀರಿನಿಂದಲೇ ಹೀಗಾಯಿತು ಎಂದು ಆಮೇಲೆ ಯಾವ ಡಾಕ್ಟರೂ ನನಗೆ ಖಚಿತವಾಗಿ ಹೇಳಲಿಲ್ಲ. ಹುಟ್ಟಿನಲ್ಲೇ ಇದ್ದಿರಬಹುದು ಎಂದರು. ಇರಬಹುದು. ಆದರೆ ಹಾಲು ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ನೋಡುವ ಅವಕಾಶವನ್ನು ನಮ್ಮ ಮನೆ ಅವಳಿಗೆ ಕೊಡಲಿಲ್ಲ. ಅಷ್ಟು ಮಾತ್ರ ಖಚಿತ.

ಯುದ್ಧ ಮುಗಿದು ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾಗಿತ್ತು. ನಮ್ಮ ಗಾಣ ಹೊಡೆಯುವ ಆಳು ಅಲ್ಲಿ ಕೂಲಿ ಚೆನ್ನಾಗಿದೆ ಎಂದು ಬಿಟ್ಟು ಹೋಗಿದ್ದ. ಆಗ ಒಂದು ದಿನ ಅವ್ವ ಬಂದಳು. ಒಬ್ಬಳೇ ಬಂದಳು. ಹಸಿರು ಸೀರೆ, ಹೊಳೆಯುವ ಕೂದಲು, ನೆಟ್ಟಗಿನ ನಡಿಗೆ. ನಾನು ಓಡಿಹೋಗಿ ತಬ್ಬಿಕೊಂಡೆ. ಅವಳ ಮೈಯಿಂದ ಎಳ್ಳೆಣ್ಣೆಯ ವಾಸನೆ ಬರುತ್ತಿತ್ತು. ಅಜ್ಜಿ ಅವಳನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಅಂಗಳದಲ್ಲೇ ನಿಂತು ಮಾತಾಯಿತು.

"ನನ್ನ ಮಕ್ಕಳ್ನ ಕೊಡ್ರಿ ಅತ್ತಿ. ಬ್ಯಾರೆ ಏನೂ ಬ್ಯಾಡ," ಎಂದಳು ಅವ್ವ.

ತಂಗಿ ಗಾಣದ ಹತ್ತಿರ ನೆಲದ ಮೇಲೆ ಕೂತು ಹಿಂಡಿಯ ಪುಡಿಯಲ್ಲಿ ಬೆರಳಾಡಿಸುತ್ತಿದ್ದಳು. ಅವ್ವ ಅವಳ ಮುಂದೆ ಕುಳಿತು, ಸೆರಗಿನ ಗಂಟು ಬಿಚ್ಚಿ, ಅಗಸಿ ಬೆಲ್ಲದ ಉಂಡೆ ತೆಗೆದು ಬಾಯಿಗಿಟ್ಟಳು. ತಂಗಿ ಅಗಿಯಲಿಲ್ಲ. ಉಂಡೆ ಹಾಗೆಯೇ ಬಾಯಿಂದ ಜಾರಿ ಬಿತ್ತು. ಅವ್ವ ಮತ್ತೆ ಇಟ್ಟಳು, ಮತ್ತೆ ಜಾರಿತು. ಅವ್ವ ಅವಳ ಗಲ್ಲ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ತಂಗಿ ಅವಳ ಕಡೆ ತಿರುಗಿದಳು, ಆದರೆ ನೋಡಲಿಲ್ಲ. ಆ ನೋಟವನ್ನು ನಾನು ಒಮ್ಮೆ ಅವ್ವನ ಮುಖದಲ್ಲೇ ಕಂಡಿದ್ದೆ. ಅವ್ವನಿಗೂ ಅದರ ಗುರುತು ಸಿಕ್ಕಿರಬೇಕು. ಅವಳು ಅಳಲಿಲ್ಲ, ಮುಖ ಮಾತ್ರ ಕಲ್ಲಾಯಿತು.

"ಆ ಮಂಕನ್ನ ತಗೊಂಡು ಹೋಗು," ಎಂದಳು ಅಜ್ಜಿ, ಬಹಳ ಉದಾರವಾಗಿ. "ಹುಚ್ಚಿಗೊಂದು ಹುಚ್ಚಿ. ದೊಡ್ಡಾಕಿ ಚುರುಕ ಅದಾಳ. ಆಕಿ ಇಲ್ಲಿಗೆ ಬೇಕು, ಕೊಡಂಗಿಲ್ಲ."

ಕೂಸು ಚೆನ್ನಾಗಿದ್ದಾಗ ಕೊಡಲಿಲ್ಲ. ಕೆಟ್ಟ ಮೇಲೆ ಕೊಟ್ಟರು. ಅಪ್ಪ ಗಾಣದ ಮಗ್ಗುಲಲ್ಲೇ ನಿಂತಿದ್ದ. ಅವ್ವ ಅವನನ್ನು ಒಂದು ಸಲ ನೋಡಿದಳು. ಅವನು ಎತ್ತಿನ ಕಣ್ಣಿನ ಬಟ್ಟೆ ಸರಿಮಾಡಿದ. ಅವ್ವ ನನ್ನ ತಲೆಯ ಮೇಲೆ ಕೈಯಿಟ್ಟು, ತಂಗಿಯನ್ನು ಸೊಂಟಕ್ಕೇರಿಸಿಕೊಂಡು ನಡೆದಳು. ತಂಗಿ ಅವಳ ಜೊತೆ ದೇವದುರ್ಗದಲ್ಲಿ ಬಹಳ ವರ್ಷ ಬದುಕಿದಳು. ನಡೆಯಲು ಕಲಿತಳು, ನಗಲು ಕಲಿತಳು, ಎಣ್ಣೆ ಸೋಸಲು ಕಲಿತಳು. ತನ್ನ ಹೆಸರು ಹೇಳಲು ಮಾತ್ರ ಕಲಿಯಲಿಲ್ಲ.

ಅವತ್ತು ನಾನು ಓಣಿಯ ಕೊನೆಯವರೆಗೆ ಓಡಿದೆ. ಅಪ್ಪ ಬಂದು ರಟ್ಟೆ ಹಿಡಿದು ಎಳೆದುಕೊಂಡು ಬಂದ. ಅತ್ತೆ, ಕಚ್ಚಿದೆ, ಮಣ್ಣಿನಲ್ಲಿ ಹೊರಳಾಡಿದೆ. ಸಂಜೆ ಊಟಕ್ಕೆ ಕೂರಿಸಿದರು. ಅಜ್ಜಿ ನನ್ನ ತಟ್ಟೆಗೆ ರೊಟ್ಟಿ ಹಾಕಿದಳು. ಎದ್ದು ಹೋಗಿ ಕೊಡದ ಬಾಯಿಂದ ಹಿತ್ತಾಳೆ ಮಿಳ್ಳೆ ತೆಗೆದು, ತುಂಬಿ, ನನ್ನ ರೊಟ್ಟಿಯ ಮೇಲೆ ಹೊಯ್ದಳು. ಹೊಸ ಕುಸುಬಿ ಎಣ್ಣೆ, ಘಮಘಮ ಅನ್ನುತ್ತಿತ್ತು.

"ಆಳು ಇಲ್ಲ. ನಾಳಿಂದ ಗಾಣ ನೀ ಹೊಡಿ," ಎಂದಳು. "ಹೊಡಿಯೋರಿಗೆ ಒಂದು ಮಿಳ್ಳಿ."

ತಟ್ಟೆಯನ್ನು ಅವಳ ಮುಖಕ್ಕೆ ಬಿಸಾಡಿದೆ ಎಂದು ಬರೆಯಲು ನನಗೆ ಬಹಳ ಆಸೆ. ಆದರೆ ನನಗೆ ಹಸಿವಾಗಿತ್ತು. ಹುಟ್ಟಿದಂದಿನಿಂದ ಇದ್ದ ಹಸಿವು. ರೊಟ್ಟಿ ಮುರಿದು, ಎಣ್ಣೆಯಲ್ಲಿ ಒತ್ತಿ, ತಟ್ಟೆ ಬರಿದಾಗುವವರೆಗೆ ತಿಂದೆ. ಬಹಳ ರುಚಿಯಾಗಿತ್ತು.